ಪ್ರಶ್ನೆಗೂ ಮೊದಲು ಬರೆದಿಟ್ಟ ಲೆಕ್ಕ

1929ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯವು ಗಾಸ್‌ಹಾಕ್ ಎಂಬ ಗಿಡುಗದ ತಲೆಗೆ 5 ಡಾಲರ್ ಬೆಲೆ ಕಟ್ಟಿತು. ಜನ ಬೇಟೆಯಾಡಬೇಕಾದ ಪ್ರಾಣಿಪಕ್ಷಿಗಳನ್ನು ಈ ಗಿಡುಗ ತಿಂದು ಮುಗಿಸುತ್ತದೆ ಎಂಬುದು ಆರೋಪ. ಮಹಾ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ 5 ಡಾಲರ್ ಸಣ್ಣ ಮೊತ್ತವಾಗಿರಲಿಲ್ಲ. ತಲೆಯ ಮೇಲೆ ಹಾದುಹೋಗುತ್ತಿರುವುದು ಗಾಸ್‌ಹಾಕೋ ಬೇರೆ ಹಕ್ಕಿಯೋ ಎಂದು ನೋಡಿ ತೀರ್ಮಾನಿಸುವ ತಾಳ್ಮೆ ಕೋವಿ ಹಿಡಿದವನಿಗೆ ಎಲ್ಲಿಂದ ಬರಬೇಕು? ಕಿಟಟಿನ್ನಿ ಬೆಟ್ಟಸಾಲಿನ ಬಂಡೆಯೊಂದರ ಮೇಲೆ ಶರತ್ಕಾಲದ ರಜಾದಿನಗಳಲ್ಲಿ ಜನ ಸಾಲುಗಟ್ಟಿ ನಿಂತು, ದಕ್ಷಿಣಕ್ಕೆ ಹೊರಟ ಹಕ್ಕಿಗಳನ್ನೆಲ್ಲ ಹೊಡೆದು ಕೆಡವುತ್ತಿದ್ದರು. 1932ರಲ್ಲಿ ರಿಚರ್ಡ್ ಪೌ ಎಂಬ ಯುವಕ ಬಂಡೆಯ ಕೆಳಗಿನ ಕಾಡಿನಲ್ಲಿ ಬಿದ್ದಿದ್ದ ಹೆಣಗಳನ್ನು ಹೆಕ್ಕಿ, ನೆಲದ ಮೇಲೆ ಸಾಲಾಗಿ ಜೋಡಿಸಿ ಫೋಟೊ ತೆಗೆದ.

ಆ ಫೋಟೊಗಳು ನ್ಯೂಯಾರ್ಕಿನ ರೋಸಲೀ ಎಡ್ಜ್ ಅವರನ್ನು ಕಲಕಿದವು. ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿ ಪಳಗಿದ್ದ ಆಕೆ ಮನವಿಪತ್ರ ಬರೆಯುತ್ತ ಕೂರಲಿಲ್ಲ. 1934ರಲ್ಲಿ ಆ ಬೆಟ್ಟದ ಸುಮಾರು 1,400 ಎಕರೆಯನ್ನು ಗುತ್ತಿಗೆಗೆ ಹಿಡಿದರು, ಆಮೇಲೆ ಕೊಂಡೇಬಿಟ್ಟರು. ಕಾವಲಿಗೆ ಮೋರಿಸ್ ಬ್ರೌನ್ ಎಂಬ ಪಕ್ಷಿಪ್ರಿಯನನ್ನು ನೇಮಿಸಿದರು. ಅವನ ಹೆಂಡತಿ ಇರ್ಮಾ ರಸ್ತೆಬದಿಯಲ್ಲಿ ನಿಂತು ಕೋವಿ ಹೊತ್ತು ಬಂದವರನ್ನು ವಾಪಸು ಕಳಿಸಿದಳು. ಬ್ರೌನ್ ಮೇಲಿನ ಬಂಡೆಯಲ್ಲಿ ಕೂತು, ಸಾಯದೆ ಉಳಿದು ಹಾದುಹೋಗುತ್ತಿದ್ದ ಹಕ್ಕಿಗಳನ್ನು ಎಣಿಸತೊಡಗಿದ. ಇಂದು ಹಾಕ್ ಮೌಂಟನ್ ಎಂದು ಹೆಸರಾಗಿರುವ ಆ ಜಾಗದಲ್ಲಿ, ಎರಡನೇ ಮಹಾಯುದ್ಧ ನುಂಗಿದ ಮೂರು ವರ್ಷಗಳನ್ನು ಬಿಟ್ಟರೆ, ಎಣಿಕೆ ಇವತ್ತಿನವರೆಗೂ ನಿಂತಿಲ್ಲ.

ಬೆಟ್ಟದ ಹೋರಾಟದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬ್ರೌನ್‌ನ ನೋಟ್‌ಬುಕ್ಕು. ಅದರಲ್ಲಿ ಇದ್ದದ್ದು ತಾರೀಖು, ಗಾಳಿಯ ದಿಕ್ಕು, ಮೋಡ, ಹಕ್ಕಿಯ ಜಾತಿ, ಸಂಖ್ಯೆ. ಓದುವುದಕ್ಕೆ ಅದರಷ್ಟು ನೀರಸವಾದದ್ದು ಇನ್ನೊಂದಿಲ್ಲ.

ಬೇಟೆ ಹಕ್ಕಿಗಳನ್ನು ಎಣಿಸಲು ಶರತ್ಕಾಲವೇ ಏಕೆ, ಬೆಟ್ಟವೇ ಏಕೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಹದ್ದು ಗಿಡುಗಗಳು ಗುಬ್ಬಿಗಳಂತೆ ಹಿಂಡಾಗಿ ಕಣ್ಣೆದುರು ಬದುಕುವ ಜೀವಿಗಳಲ್ಲ. ಒಂದು ಜೋಡಿಗೆ ಮೈಲಿಗಟ್ಟಲೆ ಕಾಡು ಬೇಕು. ಕೆನಡಾದ ಕಾಡುಗಳಲ್ಲಿ ಚದುರಿದ ಗೂಡುಗಳನ್ನು ಒಂದೊಂದಾಗಿ ಹುಡುಕಿ ಲೆಕ್ಕ ಹಾಕುತ್ತೇವೆಂದರೆ ಸಾವಿರಾರು ಜನ, ಹತ್ತಾರು ವರ್ಷ ಸಾಲದು. ಆದರೆ ಚಳಿ ಹತ್ತಿರವಾದಾಗ ಅವು ತಾವಾಗಿಯೇ ದಾರಿಗೆ ಬೀಳುತ್ತವೆ. ದೊಡ್ಡ ರೆಕ್ಕೆಯ ಹಕ್ಕಿಗೆ ರೆಕ್ಕೆ ಬಡಿಯುವುದು ದುಬಾರಿ ಕೆಲಸ. ಹಾಗಾಗಿ ಬೆಟ್ಟಸಾಲಿಗೆ ಅಪ್ಪಳಿಸಿ ಮೇಲೇಳುವ ಗಾಳಿಯನ್ನೋ, ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿಯ ಕಂಬವನ್ನೋ ಹುಡುಕಿಕೊಂಡು ಹೋಗುತ್ತದೆ. ಕಿಟಟಿನ್ನಿಯಂಥ ಉದ್ದನೆಯ ಬೆಟ್ಟಸಾಲು ಅವುಗಳ ಹೆದ್ದಾರಿ. ಉತ್ತರದಿಂದ ಥಂಡಿ ಹವೆ ನುಗ್ಗಿ ಗಾಳಿ ವಾಯವ್ಯಕ್ಕೆ ತಿರುಗಿದ ದಿನ ಬಂಡೆಯ ಮೇಲಿರುವವನಿಗೆ ಕೈತುಂಬ ಕೆಲಸ. ಇನ್ನೊಂದು ಅನುಕೂಲವೂ ಉಂಟು. ಶರತ್ಕಾಲದ ಸಾಲಿನಲ್ಲಿ ಆ ವರ್ಷ ಹುಟ್ಟಿದ ಮರಿಗಳೂ ಇರುತ್ತವೆ. ವಸಂತದಲ್ಲಿ ಮರಳುವ ಹೊತ್ತಿಗೆ ಆ ಮರಿಗಳಲ್ಲಿ ಬಹಳಷ್ಟು ಸತ್ತಿರುತ್ತವೆ. ಈ ಸಲ ಸಂತಾನ ಹೇಗಾಯಿತು ಎಂದು ತಿಳಿಯಬೇಕಾದರೆ ಶರತ್ಕಾಲದಲ್ಲೇ ನೋಡಬೇಕು.

ಎಣಿಸುವುದೂ ಒಂದು ಕಸುಬು. ಸೆಪ್ಟೆಂಬರ್ ನಡುವಿನಲ್ಲಿ ಬ್ರಾಡ್‌ವಿಂಗ್ಡ್ ಹಾಕ್ ಎಂಬ ಅಗಲ ರೆಕ್ಕೆಯ ಗಿಡುಗಗಳು ನೂರಾರು ಸಂಖ್ಯೆಯಲ್ಲಿ ಒಂದೇ ಬಿಸಿಗಾಳಿಯ ಕಂಬಕ್ಕೆ ಸೇರಿ ಗಿರಗಿರನೆ ಸುತ್ತುತ್ತ ಮೇಲೇರುತ್ತವೆ. ಸುತ್ತುವ ಹಿಂಡನ್ನು ಎಣಿಸಲು ಹೋದವನು ಕೆಟ್ಟ. ಎಣಿಸಿದ್ದು ಯಾವುದು, ಬಿಟ್ಟದ್ದು ಯಾವುದು ಎಂದು ನಿಮಿಷದೊಳಗೆ ತಲೆ ಕೆಡುತ್ತದೆ. ಅನುಭವಸ್ಥರು ಕಾಯುತ್ತಾರೆ. ಕಂಬದ ತುದಿ ಮುಟ್ಟಿದ ಹಕ್ಕಿ ರೆಕ್ಕೆ ಬಿಗಿ ಮಾಡಿ ದಕ್ಷಿಣಕ್ಕೆ ಜಾರುತ್ತದೆ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಹಿಂಡು ಬಿಚ್ಚಿಕೊಂಡು ಒಂದೇ ಸಾಲಾಗುವ ಆ ಜಾಗದಲ್ಲಿ ಬೈನಾಕ್ಯುಲರ್ ನಿಲ್ಲಿಸಿ, ಗೆರೆ ದಾಟಿದ್ದಕ್ಕೆಲ್ಲ ಹೆಬ್ಬೆರಳಿನಿಂದ ಕ್ಲಿಕ್ಕರ್ ಒತ್ತುತ್ತ ಹೋಗಬೇಕು. 1978ರ ಸೆಪ್ಟೆಂಬರಿನ ಒಂದೇ ದಿನ ಹಾಕ್ ಮೌಂಟನ್‌ನಲ್ಲಿ ಹೀಗೆ 21 ಸಾವಿರಕ್ಕೂ ಮಿಕ್ಕಿ ಗಿಡುಗಗಳು ದಾಟಿದವು. ಅಂಥ ದಿನಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ನವೆಂಬರಿನ ಕೊರೆಯುವ ಚಳಿಯಲ್ಲಿ ಎಂಟು ಗಂಟೆ ಕೂತು ನಾಲ್ಕೇ ಹಕ್ಕಿ ಕಂಡ ದಿನದ ಬಗ್ಗೆ ಯಾರೂ ಬರೆಯುವುದಿಲ್ಲ. ಆದರೆ ನಮೂನೆಯಲ್ಲಿ ಎರಡು ದಿನಕ್ಕೂ ಒಂದೇ ಅಳತೆಯ ಜಾಗ.

ಆ ನಮೂನೆಯಲ್ಲಿ ನನಗೆ ತುಂಬ ಮೆಚ್ಚುಗೆಯಾದ ಕಲಂ ಒಂದಿದೆ: ಗುರುತಿಸಲಾಗದ ಹಕ್ಕಿ. ದೂರದಲ್ಲಿ ಚುಕ್ಕೆಯಾಗಿ ಕಂಡು ಮರೆಯಾದದ್ದನ್ನು ಊಹೆಯಿಂದ ಯಾವುದೋ ಜಾತಿಗೆ ಸೇರಿಸದೆ ಅಲ್ಲಿ ಬರೆಯಬೇಕು. ನಮ್ಮ ಸರ್ಕಾರಿ ಅಂಕಿಅಂಶಗಳ ಪುಸ್ತಕಗಳಲ್ಲಿ ಇಂಥದೊಂದು ಕಲಂ ಇದ್ದಿದ್ದರೆ ಎಷ್ಟು ವಿಷಯಗಳು ಅದರೊಳಗೆ ಸೇರುತ್ತಿದ್ದವೋ!

ಬ್ರೌನ್ ಎಣಿಸುತ್ತಿದ್ದ ಹಕ್ಕಿಗಳಲ್ಲಿ ಬಾಲ್ಡ್ ಈಗಲ್ ಕೂಡ ಒಂದು. ಅಮೆರಿಕದ ರಾಷ್ಟ್ರಲಾಂಛನದಲ್ಲಿರುವ ಬಿಳಿತಲೆಯ ಹದ್ದು ಅದು. ಈ ಹದ್ದಿನ ತಲೆ ಬೆಳ್ಳಗಾಗಲು ನಾಲ್ಕೈದು ವರ್ಷ ಬೇಕು, ಅಲ್ಲಿಯವರೆಗೆ ಮೈಯೆಲ್ಲ ಕಂದು. ಹೀಗಾಗಿ ಬೆಟ್ಟದ ಮೇಲೆ ಕೂತವನಿಗೂ ಎಳೆಯದು ಯಾವುದು, ಬಲಿತದ್ದು ಯಾವುದು ಎಂದು ಹೇಳಬಹುದು. ಬ್ರೌನ್ ಅದನ್ನೂ ಬರೆದಿಟ್ಟ. 1935ರಿಂದ 39ರವರೆಗೆ ಕಂಡ ಈ ಹದ್ದುಗಳಲ್ಲಿ ಎಳೆಯವು ನೂರಕ್ಕೆ 40. 1955ರಿಂದ 59ರ ಹೊತ್ತಿಗೆ ಅದು 20ಕ್ಕೆ ಇಳಿದಿತ್ತು. 1957ರಲ್ಲಂತೂ 32 ಬಲಿತ ಹದ್ದುಗಳಿಗೆ ಒಂದೇ ಒಂದು ಎಳೆಯ ಹದ್ದು. ಮುದಿ ಹದ್ದುಗಳು ಹಾರುತ್ತಲೇ ಇದ್ದವು, ಮರಿಗಳು ಬರುತ್ತಿರಲಿಲ್ಲ. ಒಟ್ಟು ಸಂಖ್ಯೆಯನ್ನಷ್ಟೇ ನೋಡಿದವನಿಗೆ ಆಗಿರುವ ಅನಾಹುತ ಗೊತ್ತಾಗುವ ಹಾಗೆಯೇ ಇರಲಿಲ್ಲ. 1962ರಲ್ಲಿ ರೇಚಲ್ ಕಾರ್ಸನ್ ‘ಸೈಲೆಂಟ್ ಸ್ಪ್ರಿಂಗ್’ ಬರೆದಾಗ ಡಿಡಿಟಿ ಎಂಬ ಕೀಟನಾಶಕದ ವಿರುದ್ಧದ ವಾದಕ್ಕೆ ಈ ಅಂಕಿಗಳನ್ನು ಬಳಸಿಕೊಂಡರು. ಅವರ ಇನ್ನೊಬ್ಬ ಸಾಕ್ಷಿ ಚಾರ್ಲ್ಸ್ ಬ್ರೋಲಿ. ನಿವೃತ್ತನಾದ ಮೇಲೆ ಫ್ಲಾರಿಡಾದ ಮರಗಳನ್ನು ಹತ್ತಿ ಸಾವಿರಕ್ಕೂ ಹೆಚ್ಚು ಹದ್ದಿನ ಮರಿಗಳ ಕಾಲಿಗೆ ಉಂಗುರ ತೊಡಿಸಿದ ಕೆನಡಾದ ಬ್ಯಾಂಕ್ ಮ್ಯಾನೇಜರ್ ಆತ. (ನಿವೃತ್ತ ಬ್ಯಾಂಕ್ ಅಧಿಕಾರಿಗಳಿಗೆ ನಮ್ಮ ಊರುಗಳಲ್ಲೂ ಬರವಿಲ್ಲ. ಮರ ಹತ್ತಬೇಕೆಂದು ಯಾರೂ ಕೇಳುತ್ತಿಲ್ಲ.)

ಇಲ್ಲಿ ಇಸವಿಗಳನ್ನು ಎದುರುಬದುರಾಗಿ ಇಟ್ಟು ನೋಡಬೇಕು. ಡಿಡಿಟಿಗೆ ಕೀಟ ಕೊಲ್ಲುವ ಗುಣವಿದೆ ಎಂದು ಪಾಲ್ ಮ್ಯೂಲರ್ ಕಂಡುಕೊಂಡದ್ದು 1939ರಲ್ಲಿ. ಅಮೆರಿಕದ ಹೊಲಗಳಿಗೆ ಅದು ಇಳಿದದ್ದು ಯುದ್ಧ ಮುಗಿದ ಮೇಲೆ. ಬ್ರೌನ್ ಎಣಿಸಲು ಕೂತದ್ದು 1934ರಲ್ಲಿ. ಅಂದರೆ ಉತ್ತರದ ಅರ್ಧ ಭಾಗ ನೋಟ್‌ಬುಕ್ಕಿನಲ್ಲಿ ಸೇರಿಹೋದಾಗ ಪ್ರಶ್ನೆ ಇನ್ನೂ ಹುಟ್ಟಿರಲೇ ಇಲ್ಲ. ಆ ಹೊತ್ತಿನಲ್ಲಿ ಯಾರಾದರೂ ಬಂದು ‘ಈ ಎಣಿಕೆಯ ಉದ್ದೇಶವೇನು, ನಿರೀಕ್ಷಿತ ಫಲವೇನು’ ಎಂದು ಕೇಳಿದ್ದರೆ ಬ್ರೌನ್‌ಗೆ ಕೊಡಲು ಉತ್ತರವಿರುತ್ತಿರಲಿಲ್ಲ. ಇವತ್ತು ಸಂಶೋಧನೆಗೆ ಹಣ ಬೇಕೆಂದು ಅರ್ಜಿ ಹಾಕುವವರಿಗೆ ಮೊದಲ ಪುಟದಲ್ಲೇ ಕೇಳುವುದು ಇದನ್ನೇ. ಮೂರು ವರ್ಷದ ಯೋಜನೆ, ಆರು ತಿಂಗಳಿಗೊಂದು ವರದಿ, ಕೊನೆಗೆ ಪ್ರಬಂಧ. ಪ್ರಶ್ನೆ ಇಲ್ಲದೆ ಎಣಿಸುವವನಿಗೆ ಆ ಅರ್ಜಿಯಲ್ಲಿ ಜಾಗವಿಲ್ಲ. ವಲಸೆ ಹಕ್ಕಿಗಳ ಎಣಿಕೆಯ ಬೆಲೆ ಇರುವುದೇ ಪ್ರಶ್ನೆಗಿಂತ ಮೊದಲು ಶುರುವಾಗಿರುವುದರಲ್ಲಿ ಎಂಬುದು ನನ್ನ ವಾದ. ಪ್ರಶ್ನೆ ಎದ್ದ ಮೇಲೆ ಎಣಿಸಲು ಹೋದರೆ ಹೋಲಿಸಿ ನೋಡಲು ನಿನ್ನೆಯ ಲೆಕ್ಕ ಇರುವುದಿಲ್ಲ.

ಇದು ಒಂದು ಬೆಟ್ಟದ ಆಕಸ್ಮಿಕ ಅದೃಷ್ಟ ಎನ್ನುವಂತಿಲ್ಲ. 1960ರ ಸುಮಾರಿಗೆ ಬ್ರಿಟನ್ನಿನ ಪಾರಿವಾಳ ಸಾಕುವವರು, ತಮ್ಮ ಪಂದ್ಯದ ಪಾರಿವಾಳಗಳನ್ನು ಪೆರೆಗ್ರಿನ್ ಡೇಗೆಗಳು ತಿಂದುಹಾಕುತ್ತಿವೆ, ಅವುಗಳಿಗೆ ಕೊಟ್ಟ ಕಾನೂನಿನ ರಕ್ಷಣೆ ತೆಗೆಯಿರಿ ಎಂದು ಸರ್ಕಾರದ ಮೊರೆಹೋದರು. ಸರಿ, ಎಷ್ಟು ಡೇಗೆಗಳಿವೆ ನೋಡೋಣ ಎಂದು ಡೆರೆಕ್ ರ‍್ಯಾಟ್‌ಕ್ಲಿಫ್ ಮುಂದಾಳತ್ವದಲ್ಲಿ ಸಮೀಕ್ಷೆ ನಡೆಯಿತು. ಹೆಚ್ಚಾಗಿವೆ ಎಂಬ ದೂರಿನಿಂದ ಹೊರಟ ಎಣಿಕೆಗೆ ಸಿಕ್ಕಿದ್ದು ಖಾಲಿ ಬಂಡೆಗಳು. ಮುಂದೆ ಅದೇ ರ‍್ಯಾಟ್‌ಕ್ಲಿಫ್ ಹಳೆಯ ಮೊಟ್ಟೆ ಸಂಗ್ರಹಗಳನ್ನು ತೂಗಿ ನೋಡಿ, 1940ರ ದಶಕದ ಕೊನೆಯಿಂದ, ಅಂದರೆ ಡಿಡಿಟಿ ಬಳಕೆಗೆ ಬಂದ ಕಾಲದಿಂದ, ಚಿಪ್ಪು ತೆಳ್ಳಗಾಗುತ್ತ ಬಂದದ್ದನ್ನು 1967ರಲ್ಲಿ ತೋರಿಸಿದರು. ಮೊಟ್ಟೆ ಕದ್ದು ಪೆಟ್ಟಿಗೆಯಲ್ಲಿಟ್ಟ ಹವ್ಯಾಸಿಗಳು ಕೀಟನಾಶಕದ ವಿರುದ್ಧ ಸಾಕ್ಷಿ ಕೂಡಿಡುತ್ತಿದ್ದೇವೆ ಎಂದು ಕನಸಿನಲ್ಲೂ ಎಣಿಸಿರಲಾರರು.

ನಮ್ಮ ದೇಶದ ಉದಾಹರಣೆ ಇನ್ನೂ ಮುಖ್ಯವಾದದ್ದು. 1990ರ ದಶಕದ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ದೇಶದ ಉದ್ದಗಲ ರಸ್ತೆಗಳಲ್ಲಿ ಸಾಗುತ್ತ ಕಂಡ ಬೇಟೆ ಹಕ್ಕಿಗಳನ್ನೆಲ್ಲ ಪಟ್ಟಿ ಮಾಡಿದ್ದರು. ಆಗ ರಣಹದ್ದಿನ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ಊರ ಹೊರಗಿನ ದನದ ಹೆಣದ ಮೇಲೆ ಮುಗಿಬೀಳುವ ಹಕ್ಕಿಯನ್ನು ಅಪರೂಪ ಎಂದು ಯಾರು ತಾನೆ ಅಂದಾರು? ವಿಭು ಪ್ರಕಾಶ್ ಮತ್ತು ಸಂಗಡಿಗರು 2000ದಲ್ಲಿ ಅವೇ ದಾರಿಗಳಲ್ಲಿ ಮತ್ತೆ ಎಣಿಸಿದಾಗ ಬಿಳಿಬೆನ್ನಿನ ರಣಹದ್ದು ನೂರಕ್ಕೆ 96ರಷ್ಟು, ಉದ್ದಕೊಕ್ಕಿನದು 92ರಷ್ಟು ಕಾಣೆಯಾಗಿದ್ದವು. ದನಗಳಿಗೆ ಕೊಡುವ ನೋವಿನ ಔಷಧಿ ಡೈಕ್ಲೋಫೆನಾಕ್ ಇದಕ್ಕೆ ಕಾರಣವೆಂದು ಗೊತ್ತಾಯಿತು. 2006ರಲ್ಲಿ ಅದರ ಪಶುಬಳಕೆಗೆ ನಿಷೇಧ ಬಂತು. ಮೊದಲ ಸುತ್ತಿನ ಆ ಪಟ್ಟಿ ಇಲ್ಲದಿದ್ದರೆ ‘ಮೊದಲು ಬಹಳ ಇದ್ದವಂತೆ’ ಎಂಬ ಅಜ್ಜಿಕಥೆಯ ಮೇಲೆ ಔಷಧಿ ಕಂಪನಿಗಳ ಎದುರು ವಾದ ಹೂಡಬೇಕಾಗುತ್ತಿತ್ತು. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಧಾಮ ಎಂದು ಘೋಷಿಸಿದೆವು. ‘ಶೋಲೆ’ ತೆಗೆದ ಆ ಬಂಡೆಗಳಲ್ಲಿ ಚಿತ್ರೀಕರಣದ ಕಾಲಕ್ಕೆ ಎಷ್ಟು ರಣಹದ್ದುಗಳಿದ್ದವು ಎಂದು ಬರೆದಿಟ್ಟಿದ್ದರೆ ಘೋಷಣೆಗೆ ಇನ್ನಷ್ಟು ತೂಕ ಬರುತ್ತಿತ್ತು.

ಕೊಡಗು, ಚಿಕ್ಕಮಗಳೂರು ಕಡೆಯ ಹಳೆಯ ಕಾಫಿ ತೋಟಗಳಲ್ಲಿ ಮಳೆ ಅಳೆಯುವ ಒಂದು ಪಾತ್ರೆ, ಪಕ್ಕದಲ್ಲೊಂದು ರಿಜಿಸ್ಟರ್ ಇರುತ್ತದೆ. ಅಜ್ಜ ಬರೆದದ್ದು, ಅಪ್ಪ ಬರೆದದ್ದು, ಈಗ ಮಗ ಬರೆಯುತ್ತಿರುವುದು. ಮಳೆ ಬಾರದ ದಿನ ಸೊನ್ನೆ ಹಾಕುತ್ತಾರೆ, ಪುಟ ಖಾಲಿ ಬಿಡುವುದಿಲ್ಲ. ಹವಾಮಾನ ಬದಲಾವಣೆ ಎಂಬ ಪದವೇ ಬಳಕೆಗೆ ಬರುವ ಮೊದಲಿನಿಂದ ನಡೆದು ಬಂದ ರೂಢಿ ಅದು. ಈಗ ವಿಜ್ಞಾನಿಗಳು ಆ ರಿಜಿಸ್ಟರುಗಳನ್ನು ಹುಡುಕಿಕೊಂಡು ಬರುತ್ತಾರೆ. ಬೇಟೆ ಹಕ್ಕಿಗಳ ವಿಷಯದಲ್ಲಿ ನಮಗೆ ಬೇಕಾದದ್ದು ಹೆಚ್ಚುಕಡಿಮೆ ಇಂಥದೇ ರೂಢಿ.

ಇದಕ್ಕೆ ಬರುವ ಆಕ್ಷೇಪಣೆಗಳು ಹಗುರವಾದವಲ್ಲ. ಮೊದಲನೆಯದು, ಇಂಥ ಎಣಿಕೆ ನಿಜವಲ್ಲ ಎಂಬುದು. ಬಂಡೆಯ ಮೇಲೆ ಕೂತವನ ಕಣ್ಣಿಗೆ ಬಿದ್ದದ್ದು ಎಷ್ಟು, ತಪ್ಪಿಸಿಕೊಂಡದ್ದು ಎಷ್ಟು? ಮೋಡವಿಲ್ಲದ ನೀಲಿ ಆಕಾಶದಲ್ಲಿ ತುಂಬ ಎತ್ತರಕ್ಕೇರಿದ ಹಕ್ಕಿ ಕಾಣುವುದೇ ಇಲ್ಲ. ಗಾಳಿ ದಿಕ್ಕು ಬದಲಿಸಿದರೆ ಸಾಲು ಪಕ್ಕದ ಕಣಿವೆಗೆ ಸರಿದುಬಿಡುತ್ತದೆ. ಎಲ್ಲವೂ ನಿಜ. ಆದರೆ ಈ ಎಣಿಕೆ ಒಟ್ಟು ಎಷ್ಟು ಹಕ್ಕಿಗಳಿವೆ ಎಂದು ಹೇಳಲು ಹೊರಟದ್ದಲ್ಲ. ಅದೇ ಜಾಗ, ಅವೇ ತಿಂಗಳು, ಅದೇ ಕ್ರಮ ಇದ್ದರೆ ತಪ್ಪೂ ಪ್ರತಿವರ್ಷ ಸುಮಾರಾಗಿ ಒಂದೇ ಪ್ರಮಾಣದಲ್ಲಿರುತ್ತದೆ. ಹತ್ತಿಪ್ಪತ್ತು ವರ್ಷಗಳ ಸಾಲಿನಲ್ಲಿ ಏರಿತೋ ಇಳಿಯಿತೋ ಎಂಬುದು ಎದ್ದು ಕಾಣುತ್ತದೆ. ಒಂದು ವರ್ಷದ ಅಂಕಿಗೆ ಬೆಲೆ ಇಲ್ಲ. ಪತ್ರಿಕೆಯವರು ಕೇಳುವುದು ಮಾತ್ರ ಆ ಒಂದು ವರ್ಷದ ಅಂಕಿಯನ್ನೇ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿ. ಸಂಖ್ಯೆ ಇಳಿದರೆ ಹಕ್ಕಿ ಕಡಿಮೆಯಾಯಿತು ಎಂದು ಹೇಗೆ ಹೇಳುತ್ತೀರಿ? ಹಾಕ್ ಮೌಂಟನ್‌ನಲ್ಲೇ ಇದಕ್ಕೊಂದು ಪಾಠವಾಯಿತು. ಶಾರ್ಪ್‌ಶಿನ್ಡ್ ಹಾಕ್ ಎಂಬ ಪುಟ್ಟ ಗಿಡುಗದ ಎಣಿಕೆ ಇಳಿಯತೊಡಗಿದಾಗ ಆತಂಕವಾಯಿತು. ಆದರೆ ಕ್ರಿಸ್‌ಮಸ್ ವೇಳೆಗೆ ಊರೂರಿನಲ್ಲಿ ನಡೆಯುವ ಹಕ್ಕಿ ಗಣತಿಯನ್ನು ಪಕ್ಕಕ್ಕಿಟ್ಟು ನೋಡಿದರೆ ಉತ್ತರದ ಕಡೆ ಅದೇ ಗಿಡುಗ ಹೆಚ್ಚಾಗಿತ್ತು. ಜನ ಮನೆಯಂಗಳದಲ್ಲಿ ಚಿಕ್ಕ ಹಕ್ಕಿಗಳಿಗೆ ಕಾಳು ಇಡುತ್ತಾರೆ, ಕಾಳಿಗೆ ಬಂದ ಹಕ್ಕಿ ಗಿಡುಗಕ್ಕೆ ಊಟ. ಊಟ ಮನೆಬಾಗಿಲಲ್ಲೇ ಸಿಕ್ಕರೆ ದಕ್ಷಿಣಕ್ಕೆ ಹಾರುವ ಶ್ರಮವೇಕೆ ಎಂದು ಒಂದಷ್ಟು ಹಕ್ಕಿಗಳು ದಾರಿಯನ್ನೇ ಮೊಟಕು ಮಾಡಿದ್ದವು. 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದ್ದು ಇದನ್ನು. ಇದರಿಂದ ಎಣಿಕೆ ಸೋತಿತು ಎನ್ನುವವರುಂಟು. ನನಗೆ ಕಾಣುವುದು ಬೇರೆ. ಎರಡು ನೀರಸ ಲೆಕ್ಕಗಳು ಪಕ್ಕಪಕ್ಕದಲ್ಲಿ ಇದ್ದುದರಿಂದಲೇ ಹಕ್ಕಿಯ ನಡವಳಿಕೆ ಬದಲಾದ ಗುಟ್ಟು ಬಯಲಾಯಿತು. ಅಮೆರಿಕದ ಕೆಸ್ಟ್ರೆಲ್, ನಮ್ಮ ಚಾಣದ ಸೋದರಸಂಬಂಧಿ, ಅಲ್ಲಿನ ಪೂರ್ವಭಾಗದ ಎಣಿಕೆಗಳಲ್ಲಿ ದಶಕಗಳಿಂದ ಇಳಿಯುತ್ತಲೇ ಇದೆ. ಏಕೆಂದು ಇನ್ನೂ ಒಮ್ಮತವಿಲ್ಲ. ಎಣಿಕೆ ಕಾರಣ ಹೇಳುವುದಿಲ್ಲ, ಎಲ್ಲಿ ಹುಡುಕಬೇಕೆಂದು ಬೆರಳು ತೋರಿಸುತ್ತದೆ ಅಷ್ಟೆ.

ಹಾಕ್ ಮೌಂಟನ್ ಹುಟ್ಟುಹಾಕಿದ ಪದ್ಧತಿ ಈಗ ಜಗತ್ತಿನಲ್ಲೆಲ್ಲ ಇದೆ. ಮೆಕ್ಸಿಕೊದ ವೆರಾಕ್ರೂಜ್‌ನಲ್ಲಿ ಬೆಟ್ಟಕ್ಕೂ ಕಡಲಿಗೂ ನಡುವಿನ ಕಿರಿದಾದ ಬಯಲಿನ ಮೇಲೆ ಶರತ್ಕಾಲವೊಂದರಲ್ಲಿ 40 ಲಕ್ಷಕ್ಕೂ ಹೆಚ್ಚು ಬೇಟೆ ಹಕ್ಕಿಗಳು ಹಾದುಹೋಗುತ್ತವೆ. ಎಣಿಸುವವರ ಒಂದು ಠಾಣೆ ಕಾರ್ಡೆಲ್ ಪಟ್ಟಣದ ಹೋಟೆಲಿನ ತಾರಸಿ. ಜಾರ್ಜಿಯಾ ದೇಶದ ಬಟೂಮಿಯಲ್ಲಿ ಕಪ್ಪು ಸಮುದ್ರದ ದಂಡೆಗೆ ಒತ್ತಿಕೊಂಡ ಬೆಟ್ಟಗಳಲ್ಲಿ 2008ರಿಂದ ಹಲವು ದೇಶಗಳ ಸ್ವಯಂಸೇವಕರು ಕೂರುತ್ತಾರೆ. ಅಲ್ಲಿ ವರ್ಷಕ್ಕೆ 10 ಲಕ್ಷ ದಾಟುತ್ತದೆ. ನೇಪಾಳದಲ್ಲಿ ಅನ್ನಪೂರ್ಣದ ದಕ್ಷಿಣಕ್ಕಿರುವ ಥುಲಾಖರ್ಕದಲ್ಲಿ ಸ್ಟೆಪ್ ಹದ್ದುಗಳನ್ನು ಎಣಿಸುತ್ತಾರೆ. ಮಧ್ಯ ಏಷ್ಯಾದ ಹುಲ್ಲುಗಾವಲಿನ ಈ ಹದ್ದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಹಿಮಾಲಯದ ಬದಿಯಲ್ಲಿ ಸಾಗುವ ಸಾಲನ್ನು ಬಿಟ್ಟರೆ ಅದನ್ನು ಒಟ್ಟಾಗಿ ನೋಡುವ ಜಾಗಗಳು ಕಡಿಮೆ.

ನಾವು ಎಲ್ಲಿದ್ದೇವೆ?

2012ರ ಅಕ್ಟೋಬರಿನಲ್ಲಿ ನಾಗಾಲ್ಯಾಂಡಿನ ವೋಖಾ ಜಿಲ್ಲೆಯ ದೋಯಾಂಗ್ ಜಲಾಶಯದ ಬಳಿ ಅಮುರ್ ಫಾಲ್ಕನ್ ಎಂಬ ವಲಸೆ ಡೇಗೆಗಳನ್ನು ಬಲೆಹಾಕಿ ಹಿಡಿದು ಮಾರುತ್ತಿದ್ದ ದೃಶ್ಯಗಳು ಹೊರಬಂದವು. ಕನ್ಸರ್ವೇಶನ್ ಇಂಡಿಯಾ ತಂಡದವರು ಬಲೆ ಹಾಕುವ ಗುಂಪುಗಳೆಷ್ಟು, ಗುಂಪಿಗೆ ಬಲೆಗಳೆಷ್ಟು, ಬಲೆಗೆ ದಿನಕ್ಕೆ ಬೀಳುವ ಹಕ್ಕಿಗಳೆಷ್ಟು ಎಂದು ವಿಚಾರಿಸಿ ಗುಣಿಸಿದರು. ದಿನಕ್ಕೆ 12ರಿಂದ 14 ಸಾವಿರ! ದೇಶ ಬೆಚ್ಚಿಬಿತ್ತು. ಫೋಟೊಗಳ ಜತೆಗೆ ಆ ಅಂಕಿ ಇರದಿದ್ದರೆ ಎಲ್ಲೋ ಒಂದು ಮೂಲೆಯ ಬೇಟೆ ಎಂದು ಜನ ಮರೆತುಬಿಡುತ್ತಿದ್ದರು. ಮರುವರ್ಷ ಪಾಂಗ್ಟಿ ಮತ್ತು ಸುತ್ತಲಿನ ಹಳ್ಳಿಗಳವರೇ ಬಲೆಗಳನ್ನು ಸುತ್ತಿಟ್ಟರು. ಕೈಗೆ ಬರುತ್ತಿದ್ದ ಹಣವನ್ನು ಬಿಟ್ಟುಕೊಟ್ಟ ಆ ಊರವರ ನಿರ್ಧಾರ ನಮ್ಮ ಸಂರಕ್ಷಣೆಯ ಇತಿಹಾಸದಲ್ಲೇ ದೊಡ್ಡದು.

ಆಮೇಲೆ ಬಂದದ್ದು ಉಪಗ್ರಹ. 2013ರ ನವೆಂಬರಿನಲ್ಲಿ ಮೂರು ಹಕ್ಕಿಗಳ ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ನಾಗಾ, ಪಾಂಗ್ಟಿ, ವೋಖಾ ಎಂದು ಹೆಸರಿಟ್ಟರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಹಕ್ಕಿ ಭಾರತದ ಪರ್ಯಾಯ ದ್ವೀಪವನ್ನೂ ಅರಬ್ಬಿ ಸಮುದ್ರವನ್ನೂ ಎಲ್ಲೂ ಇಳಿಯದೆ ದಾಟಿ ಆಫ್ರಿಕಾ ಮುಟ್ಟುವುದನ್ನು ನಕ್ಷೆಯ ಮೇಲೆ ನೋಡಿ ಎಲ್ಲರೂ ಬೆರಗಾದರು. ನಾನೂ ಬೆರಗಾದವನೇ. ಆದರೆ ಮೂರು ಹಕ್ಕಿಗಳು ಹೋದ ದಾರಿ ಗೊತ್ತಾದರೆ ಮೂರು ಲಕ್ಷ ಹಕ್ಕಿಗಳು ಬದುಕಿವೆಯೇ ಎಂಬುದು ಗೊತ್ತಾಗುವುದಿಲ್ಲ. ಹತ್ಯೆಗೆ ಮೊದಲು ವರ್ಷಕ್ಕೆ ಎಷ್ಟು ಬರುತ್ತಿದ್ದವು? ಈಗ ಹೆಚ್ಚಿವೆಯೇ, ಇನ್ನೂ ಇಳಿಯುತ್ತಿವೆಯೇ? ಬಲೆ ಸುತ್ತಿಟ್ಟ ಹಳ್ಳಿಗನಿಗೆ ‘ನಿನ್ನ ತ್ಯಾಗದಿಂದ ಇಷ್ಟಾಯಿತು’ ಎಂದು ತೋರಿಸಲು ನಕ್ಷೆಯ ಗೆರೆ ಸಾಲದು, ಸಾಲುಸಾಲು ವರ್ಷಗಳ ಸಂಖ್ಯೆ ಬೇಕು. ಟ್ರಾನ್ಸ್‌ಮಿಟರಿಗೆ ಹಣ ಸಿಗುತ್ತದೆ, ಹೆಸರಿಟ್ಟ ಹಕ್ಕಿಗೆ ಸುದ್ದಿ ಸಿಗುತ್ತದೆ. ಕ್ಲಿಕ್ಕರ್ ಹಿಡಿದು ಕೂತವನಿಗೆ ಎರಡೂ ಇಲ್ಲ.

ಕರ್ನಾಟಕಕ್ಕೆ ಬಂದರೆ ನನ್ನ ಕಣ್ಣು ಹೋಗುವುದು ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳ ಕಡೆಗೆ. ಹಸ್ತ, ಚಿತ್ತಾ ಮಳೆಗಳ ಹೊತ್ತಿಗೆ, ಬಯಲುಸೀಮೆಯಲ್ಲಿ ಹಿಂಗಾರಿ ಬಿತ್ತನೆ ನಡೆಯುವಾಗ, ಕಜಾಕಸ್ತಾನ ಮತ್ತು ಅದರಾಚೆಯ ಹುಲ್ಲುಗಾವಲುಗಳಿಂದ ಈ ತೆಳುಮೈಯ, ಉದ್ದರೆಕ್ಕೆಯ ಹಕ್ಕಿಗಳು ಬಂದಿಳಿಯುತ್ತವೆ. ಹೆಸರಘಟ್ಟ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಿಂಕೆವನದಂಥ ಬಯಲುಗಳೇ ಅವುಗಳ ಚಳಿಗಾಲದ ಮನೆ. ಹಗಲೆಲ್ಲ ಹುಲ್ಲಿನ ಮೇಲೆ ಮೊಣಕಾಲೆತ್ತರದಲ್ಲಿ ತೇಲುತ್ತ ಮಿಡತೆ, ಇಲಿ, ಚಿಕ್ಕ ಹಕ್ಕಿ ಹಿಡಿಯುತ್ತವೆ. ಮುಸ್ಸಂಜೆಗೆ ಎಲ್ಲ ದಿಕ್ಕುಗಳಿಂದ ಒಂದೇ ಹುಲ್ಲುಮಾಳಕ್ಕೆ ಬಂದು ನೆಲದ ಮೇಲೆಯೇ ಮಲಗುತ್ತವೆ. ಎಣಿಸುವವರ ಕೆಲಸ ಶುರುವಾಗುವುದು ಆಗ. ಕೂತ ಹಕ್ಕಿ ಕೂತಲ್ಲೇ ಇರುವುದಿಲ್ಲ. ನಾಯಿ ಬೊಗಳಿದರೆ ಏಳುತ್ತದೆ, ಪಕ್ಕದ್ದು ಎದ್ದರೆ ತಾನೂ ಏಳುತ್ತದೆ, ಒಂದು ಸುತ್ತು ಹಾಕಿ ಬೇರೆಡೆ ಇಳಿಯುತ್ತದೆ. ಬಯಲನ್ನು ಪಾಲುಮಾಡಿಕೊಂಡು ಬೇರೆ ಬೇರೆ ಮೂಲೆಗಳಲ್ಲಿ ಕೂತು, ಕತ್ತಲಾಗುವವರೆಗೆ ಬಂದದ್ದು ಇಷ್ಟು, ಎದ್ದುಹೋದದ್ದು ಇಷ್ಟು ಎಂದು ಕಳೆದು ಕೂಡಬೇಕು. ಗಂಡಿನ ಬೂದುಬಣ್ಣ ಗುರುತು ಹಿಡಿಯಲು ಸುಲಭ. ಹೆಣ್ಣು, ಮರಿಗಳು ಜಾತಿ ಯಾವುದಾದರೂ ಕಂದೇ.

ಗಡಿಯಾಚೆ ಕರ್ನೂಲು ಕಡೆಯ ರೋಲ್ಲಪಾಡು ಒಂದು ಕಾಲಕ್ಕೆ ದೇಶದ ಅತಿ ದೊಡ್ಡ ಹ್ಯಾರಿಯರ್ ತಂಗುದಾಣಗಳಲ್ಲಿ ಒಂದಾಗಿತ್ತು. 1980ರ ದಶಕದಲ್ಲಿ ಸುಮಾರು ಸಾವಿರ ಹಕ್ಕಿಗಳು ರಾತ್ರಿ ಅಲ್ಲಿ ಮಲಗುತ್ತಿದ್ದವು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಈ ಶತಮಾನದಲ್ಲಿ ಹೋಗಿ ಎಣಿಸಿದಾಗ ನೂರೂ ತುಂಬಲಿಲ್ಲ. ಹಳೆಯ ಅಂಕಿ ಯಾರೋ ಬರೆದಿಟ್ಟದ್ದರಿಂದ ಇಳಿಕೆ ತಿಳಿಯಿತು. ನಮ್ಮ ಗದಗ, ಕೊಪ್ಪಳ, ಹಾವೇರಿ, ತುಮಕೂರುಗಳ ಎಷ್ಟು ಮಾಳಗಳಲ್ಲಿ ಹೀಗೇ ಆಗಿದೆಯೋ ಹೇಳುವವರು ಯಾರು? ಆ ಮಾಳಗಳು ಸರ್ಕಾರಿ ಕಾಗದದಲ್ಲಿ ‘ಬಂಜರು’. ಬಂಜರಿನಲ್ಲಿ ಗಿಡ ನೆಡಬಹುದು, ಕಾರ್ಖಾನೆ ಕಟ್ಟಬಹುದು, ಹೆಸರಘಟ್ಟದಲ್ಲಿ ಯೋಚಿಸಿದಂತೆ ಫಿಲ್ಮ್ ಸಿಟಿಯನ್ನೂ ಮಾಡಬಹುದು. ಹೆಸರಘಟ್ಟದ ಹುಲ್ಲನ್ನು ಉಳಿಸಲು ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆಯಿತು. ಅಲ್ಲಿ ಹಕ್ಕಿಪ್ರಿಯರು ಕೂಡಿಟ್ಟಿದ್ದ ಪಟ್ಟಿಗಳು ವಾದಕ್ಕೆ ಒದಗಿದವು. ಬೆಂಗಳೂರಿಗೆ ಹತ್ತಿರವಿರುವ ಮಾಳಕ್ಕೆ ಆ ಭಾಗ್ಯ ಉಂಟು, ಕುಷ್ಟಗಿಯ ಮಾಳಕ್ಕೆ ಇಲ್ಲ.

ಊರವರ ನೆನಪು ಇದೆಯಲ್ಲ ಎನ್ನಬಹುದು. ನೆನಪಿಗೆ ಒಂದು ದೋಷವಿದೆ. ಪ್ರತಿ ತಲೆಮಾರೂ ತಾನು ಎಳವೆಯಲ್ಲಿ ಕಂಡದ್ದನ್ನೇ ಪೂರ್ತಿ ಎಂದುಕೊಳ್ಳುತ್ತದೆ. ಅಜ್ಜ ನೂರು ಕಂಡಿದ್ದ, ಅಪ್ಪನಿಗೆ ಐವತ್ತೇ ಸಹಜ, ಮಗನಿಗೆ ಐದು ಕಂಡರೂ ಹಬ್ಬ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

ಮೊಬೈಲಿನಲ್ಲಿ ಹಕ್ಕಿಪಟ್ಟಿ ಏರಿಸುವವರು ಈಗ ಸಾವಿರಾರು ಜನ ಇದ್ದಾರಲ್ಲ ಎಂಬುದು ಇನ್ನೊಂದು ಮಾತು. ಅದು ನಿಜಕ್ಕೂ ದೊಡ್ಡ ಸಂಪತ್ತು. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಸುಮಾರು 30 ಸಾವಿರ ಜನರ ಇಂಥ ಪಟ್ಟಿಗಳ ಮೇಲೆ ನಿಂತಿದೆ. ಬೇಟೆಯಾಡಿ ಅಥವಾ ಹೆಣ ತಿಂದು ಬದುಕುವ ಹಕ್ಕಿಗಳು ಎಲ್ಲರಿಗಿಂತ ಹೆಚ್ಚು ಇಳಿದಿವೆ ಎಂದು ಗೊತ್ತಾದದ್ದು ಅದರಿಂದಲೇ. ಆದರೆ ಪಟ್ಟಿಗಳು ಹೋಗುವುದು ಜನ ಹೋಗುವಲ್ಲಿಗೆ: ಭಾನುವಾರ, ಒಳ್ಳೆಯ ರಸ್ತೆ, ಹೆಸರಾದ ಕೆರೆ. ಅಕ್ಟೋಬರಿನ ಮಂಗಳವಾರ ಕಲ್ಲುಗುಡ್ಡದ ಮೇಲೆ ಏನೂ ಹಾರಲಿಲ್ಲ ಎಂಬ ಮಾಹಿತಿ ಅಲ್ಲಿಗೆ ಸೇರುವುದು ಅಪರೂಪ. ಹಾಕ್ ಮೌಂಟನ್‌ನಂತೆ ಎಂಬತ್ತಕ್ಕೂ ಹೆಚ್ಚು ವರ್ಷ ಒಂದೇ ಬಂಡೆಯ ಮೇಲೆ ನಡೆದ ಎಣಿಕೆ ನಮ್ಮ ದೇಶದಲ್ಲಿಲ್ಲ. ಬೇಟೆ ಹಕ್ಕಿಗಳ ರಕ್ಷಣೆಯ ಅಂತರರಾಷ್ಟ್ರೀಯ ಒಡಂಬಡಿಕೆಗೆ 2016ರಲ್ಲಿ ಭಾರತ ಸಹಿ ಹಾಕಿದೆ. ಸಹಿಗೆ ತಕ್ಕ ಲೆಕ್ಕಪುಸ್ತಕ ಇನ್ನೂ ಆಗಬೇಕು.

ಎಣಿಸುತ್ತ ಕೂತರೆ ಹಕ್ಕಿ ಉಳಿಯುತ್ತದೆಯೇ ಎಂದು ಸಿಡುಕುವವರ ಮಾತಿನಲ್ಲೂ ಹುರುಳಿದೆ. ರಣಹದ್ದಿನ ಕುಸಿತ ಗೊತ್ತಾದ ಮೇಲೂ ಔಷಧಿ ನಿಲ್ಲಲು ವರ್ಷಗಳು ಹಿಡಿದವು. ಅದರಂಥದೇ ಅಪಾಯವಿದ್ದ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳ ಪಶುಬಳಕೆಗೆ ತಡೆ ಬಿದ್ದದ್ದು 2023ರಲ್ಲಿ. ಎಣಿಕೆಯನ್ನು ಕೆಲಸ ಮುಂದೂಡುವ ನೆಪ ಮಾಡಿಕೊಂಡ ಉದಾಹರಣೆಗಳೂ ಕಡಿಮೆಯಿಲ್ಲ: ‘ಅಧ್ಯಯನ ನಡೆಯುತ್ತಿದೆ’ ಎಂಬ ಉತ್ತರ ನಮಗೆಲ್ಲ ಚಿರಪರಿಚಿತ. ಆದರೆ ಡಿಡಿಟಿಗೆ 1972ರಲ್ಲಿ ಅಮೆರಿಕ ನಿಷೇಧ ಹೇರಿದ ಮೇಲಿನ ಕಥೆ ನೋಡಿ. 1963ರಲ್ಲಿ ಅಲಾಸ್ಕಾ ಬಿಟ್ಟು ಉಳಿದ ಅಮೆರಿಕದಲ್ಲಿ ಗೂಡುಕಟ್ಟುತ್ತಿದ್ದ ಬಾಲ್ಡ್ ಈಗಲ್ ಜೋಡಿಗಳು 417. 2007ರಲ್ಲಿ ಅದನ್ನು ಅಪಾಯದ ಪಟ್ಟಿಯಿಂದ ತೆಗೆದಾಗ 9,700ಕ್ಕೂ ಹೆಚ್ಚು. ರೋಗ ತಿಳಿದದ್ದೂ ಮದ್ದು ನಾಟಿದ್ದು ಗೊತ್ತಾದದ್ದೂ ಎಣಿಕೆಯಿಂದಲೇ.

ಹಾಗಾಗಿ ಕೇಳಬೇಕಾದದ್ದು ಸಣ್ಣದು. ಪಶ್ಚಿಮ ಘಟ್ಟದ ಏಣಿನ ಮೇಲೊಂದು, ಕರಾವಳಿಯಲ್ಲೊಂದು, ಬಯಲುಸೀಮೆಯ ಹುಲ್ಲುಮಾಳಗಳಲ್ಲಿ ಎರಡು ಮೂರು ಜಾಗಗಳನ್ನು ಅರಣ್ಯ ಇಲಾಖೆ, ಹತ್ತಿರದ ಕಾಲೇಜು, ಊರಿನ ಹಕ್ಕಿಪ್ರಿಯರು ಕೂಡಿ ಆರಿಸಲಿ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಗೊತ್ತಾದ ಗಂಟೆಗಳಲ್ಲಿ ಯಾರಾದರೂ ಕೂರಲಿ. ಮೊದಲ ಐದು ವರ್ಷ ಆ ಅಂಕಿಗಳಿಂದ ಏನೂ ತಿಳಿಯದೆ ಹೋಗಬಹುದು, ಯಾವ ಮಂತ್ರಿಗೂ ಅದರಿಂದ ಭಾಷಣಕ್ಕೆ ಒಂದು ಸಾಲು ಸಿಗದೆ ಹೋಗಬಹುದು. ಇದಕ್ಕೆ ಯಂತ್ರ ಬೇಡ, ಕಟ್ಟಡ ಬೇಡ. ಉದ್ಘಾಟನೆಗೆ ಅವಕಾಶವಿಲ್ಲದ ಕೆಲಸವಾದ್ದರಿಂದ ಹಣ ಮಂಜೂರಾಗುವುದು ಕಷ್ಟ ಎಂಬುದು ನನಗೂ ಗೊತ್ತು. ಆದರೆ ಇದನ್ನು ಓದುತ್ತಿರುವ ನಿಮ್ಮಲ್ಲಿ ಸಂಜೆಯ ಒಂದೆರಡು ಗಂಟೆ ಬಿಡುವಿರುವವರು, ಊರಿನ ಅಂಚಿನಲ್ಲಿ ಒಂದು ಗುಡ್ಡವೋ ಮಾಳವೋ ಇರುವವರು, ಒಂದು ಬೈನಾಕ್ಯುಲರ್ ಕೊಳ್ಳಬಲ್ಲವರು ಖಂಡಿತ ಇದ್ದೀರಿ. ಇಲಾಖೆಯ ಆದೇಶಕ್ಕೆ ಕಾಯಬೇಡಿ. ಈ ಸಲದ ಹಸ್ತ ಮಳೆಯಿಂದಲೇ ಶುರುಮಾಡಿ. ತಾರೀಖು, ಹೊತ್ತು, ಗಾಳಿ, ಹಕ್ಕಿ, ಸಂಖ್ಯೆ ಬರೆಯಿರಿ, ಏನೂ ಕಾಣದ ದಿನ ಸೊನ್ನೆ ಬರೆಯಿರಿ. ಮುಂದಿನ ವರ್ಷ ನಿಮಗೆ ಬಿಡುವಾಗದಿದ್ದರೆ ಆ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಡಿ.